ಒಂದು ವರ್ಷ ದಂಡವಂತೆ!

ಮೊನ್ನೆ ಭಾನುವಾರ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ದಿಲ್ಲಿಯಲ್ಲಿ ನಾಲ್ಕು ಜನ ಕನ್ನಡದವರು ಒಂದು ಕಡೆ ಸೇರಿದರೆ ನಿಮಗೆ ಗೊತ್ತೇ ಇದೆ, ಮೊದಲು ಊರಿನ ಮಳೆ, ಆಮೇಲೆ ಇಲ್ಲಿನ ಹೊಗೆ, ಕೊನೆಗೆ ಮಕ್ಕಳು. ಸಜ್ಜಿಗೆ ಪ್ರಸಾದ ಕೈಗೆ ಬರುವ ಹೊತ್ತಿಗೆ ನನ್ನ ಮಗಳ ಸರದಿ ಬಂತು.

"ಏನ್ರೀ, ಮಗಳದು ಡಿಗ್ರಿ ಮುಗೀತಲ್ಲ, ಮತ್ತ್ಯಾಕ ಕಾಲೇಜಿಗೆ ಹೊಂಟಾಳ?" ಅಂದರು ಧಾರವಾಡ ಕಡೆಯ ಹಿರಿಯರೊಬ್ಬರು.

"ನಾಲ್ಕನೇ ವರ್ಷ ಓದ್ತಿದ್ದಾಳೆ ಸಾರ್. ಹಿಸ್ಟರಿ. ಆನರ್ಸ್ ವಿತ್ ರಿಸರ್ಚ್."

"ಮೂರು ವರ್ಷಕ್ಕ ಡಿಗ್ರಿ ಕೊಡ್ತಾರಂದ್ರ ನಾಲ್ಕನೇದು ಯಾಕ್ರೀ? ಒಂದ್ ವರ್ಷ ದಂಡ ಅಲ್ಲೇನು?"

ಸುತ್ತ ಕೂತವರೆಲ್ಲ ತಲೆ ಆಡಿಸಿದರು. ಪೂಜೆ ಮನೆಯಲ್ಲಿ ವಾದ ಬೇಡ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಿಲ್ಲವಲ್ಲ.

ಮೊದಲು ಒಂದು ಹಳೇ ಕಥೆ. ನಾನು ದಿಲ್ಲಿಗೆ ಬಂದಿದ್ದು 1988ರಲ್ಲಿ, ಊರಿನ ಕಾಲೇಜಿನ ಬಿ.ಕಾಂ. ಇಟ್ಟುಕೊಂಡು. ಮೊದಲ ಇಂಟರ್‌ವ್ಯೂನಲ್ಲಿ ಕೇಳಿದರು, "ಆನರ್ಸಾ, ಪಾಸಾ?" ನಾನು ಎದೆ ಉಬ್ಬಿಸಿ "ಪಾಸ್ ಸಾರ್, ಫಸ್ಟ್ ಕ್ಲಾಸಿನಲ್ಲಿ ಪಾಸ್" ಅಂದೆ. ಎದುರಿಗಿದ್ದ ಮೂವರೂ ನಕ್ಕರು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಒಂದೇ ವಿಷಯವನ್ನು ಆಳವಾಗಿ ಓದಿದರೆ ಆನರ್ಸ್, ಎರಡು ಮೂರು ವಿಷಯ ಕಲೆಸಿ ಓದಿದರೆ ಪಾಸ್ ಕೋರ್ಸ್ ಅನ್ನುವುದು ನನಗೆ ಗೊತ್ತಾಗಿದ್ದು ಆವತ್ತು ಬಸ್ ಸ್ಟಾಪಿನಲ್ಲಿ. ಆನರ್ಸ್ ಅನ್ನುವುದು ಓದಿದವರೊಳಗಿನ ಒಂದು ಜಾತಿ ಅಂತ ಎಷ್ಟೋ ವರ್ಷ ಬೈದುಕೊಂಡು ತಿರುಗಿದವನು ನಾನು. ಅದಕ್ಕೇ ಹೇಳುತ್ತಿದ್ದೇನೆ, ಇದು ಆನರ್ಸ್ ಭಕ್ತನ ಮಾತಲ್ಲ.

ಈಗ ಪದ್ಧತಿ ಬದಲಾಗಿದೆ. 2022ರಲ್ಲಿ ಸೇರಿದವರಿಂದ ದಿಲ್ಲಿ ವಿ.ವಿ.ಯಲ್ಲಿ ಡಿಗ್ರಿ ನಾಲ್ಕು ವರ್ಷದ್ದು. ಬೇಕಾದವರು ಮೂರಕ್ಕೇ ಪದವಿ ತೆಗೆದುಕೊಂಡು ಹೊರಡಬಹುದು. ಉಳಿದವರು ಏಳು ಮತ್ತು ಎಂಟನೇ ಸೆಮಿಸ್ಟರಿನಲ್ಲಿ ತಮ್ಮ ವಿಷಯದ ಪೇಪರುಗಳ ಜೊತೆಗೆ ಒಂದು ಪ್ರಬಂಧ ಬರೆಯಬೇಕು, ಅಥವಾ ಪ್ರಾಜೆಕ್ಟ್ ಮಾಡಬೇಕು. ಸೆಮಿಸ್ಟರಿಗೆ 22 ಕ್ರೆಡಿಟ್ಟಿನಲ್ಲಿ 6 ಕ್ರೆಡಿಟ್ ಅದಕ್ಕೇ ಮೀಸಲು.

ದಂಡ ಅನ್ನುವವರಿಗೆ ಮೊದಲು ಒಂದು ಸರಳ ಲೆಕ್ಕ. ಮೂರು ವರ್ಷದ ಡಿಗ್ರಿ ಮಾಡಿದವರು ಎಂ.ಎ.ಗೆ ಎರಡು ವರ್ಷ ಓದಬೇಕು. ನಾಲ್ಕು ವರ್ಷ ಮಾಡಿದವರಿಗೆ ಒಂದು ವರ್ಷದ ಎಂ.ಎ. ಇರಬಹುದು ಅನ್ನುತ್ತದೆ 2024ರ ಯುಜಿಸಿ ಚೌಕಟ್ಟು. ಮೂರು ಮತ್ತು ಎರಡು ಐದು, ನಾಲ್ಕು ಮತ್ತು ಒಂದೂ ಐದೇ! ಎಂ.ಎ. ಮಾಡುವ ಮಗುವಿಗೆ ಇಲ್ಲಿ ಒಂದು ದಿನವೂ ನಷ್ಟವಿಲ್ಲ. (ಸೇರುವ ವಿ.ವಿ.ಯಲ್ಲಿ ಒಂದು ವರ್ಷದ ಎಂ.ಎ. ನಿಜವಾಗಿ ನಡೆಯುತ್ತಿದೆಯಾ ಅಂತ ವಿಚಾರಿಸಿಕೊಳ್ಳಿ.) ಇನ್ನು 2022ರ ಪಿಎಚ್‌ಡಿ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಬಂದವರು ಎಂ.ಎ. ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು; ಮೀಸಲು ವರ್ಗದವರಿಗೆ ಶೇ. 5 ರಿಯಾಯಿತಿ. 2024ರಿಂದ ಅವರಿಗೆ ನೆಟ್ ಪರೀಕ್ಷೆಯ ಬಾಗಿಲೂ ತೆರೆದಿದೆ. ಅಮೆರಿಕಕ್ಕೆ ಹೋಗುವ ಆಸೆಯಿದ್ದವರಿಗೆ ಹಳೇ ತಲೆನೋವು ನೆನಪಿರಬೇಕು. ಅಲ್ಲಿನ ಬಹಳಷ್ಟು ವಿ.ವಿ.ಗಳು ಹದಿನಾರು ವರ್ಷದ ಓದು ಕೇಳುತ್ತಿದ್ದವು, ನಮ್ಮ ಬಿ.ಎಸ್ಸಿ.ಯದು ಹದಿನೈದಕ್ಕೇ ನಿಲ್ಲುತ್ತಿತ್ತು.

ಆದರೆ ನಿಜ ಹೇಳಬೇಕೆಂದರೆ ಇವೆಲ್ಲ ಬಾಯಿ ಮುಚ್ಚಿಸುವ ಲೆಕ್ಕಗಳು. ನನ್ನ ಸಿಟ್ಟು ಬೇರೆ.

ನಮ್ಮದೇ ಬಳಗದಲ್ಲಿ ನೋಡಿ. ಹುಡುಗ ಪಿಯುಸಿ ಆದಮೇಲೆ ಐಐಟಿಗೆ ಅಂತ ಒಂದು ವರ್ಷ ಡ್ರಾಪ್ ತೆಗೆದುಕೊಂಡು ಕೋಟಾಕ್ಕೆ ಹೋಗುತ್ತಾನೆ. ಡಿಗ್ರಿ ಆದಮೇಲೆ ಐಎಎಸ್‌ಗೆ ಅಂತ ಮುಖರ್ಜಿ ನಗರದ ಕಿಟಕಿಯಿಲ್ಲದ ರೂಮಿನಲ್ಲಿ ಎರಡು ವರ್ಷ, ಮೂರು ವರ್ಷ. ಲಕ್ಷಗಟ್ಟಲೆ ಫೀಸು. ಸೀಟು ಸಿಗದಿದ್ದರೆ ಕೈಗೆ ಒಂದು ಚೀಟಿಯೂ ಬರುವುದಿಲ್ಲ. ಅದನ್ನು ಯಾರಾದರೂ ದಂಡ ಅಂದಿದ್ದು ಕೇಳಿದ್ದೀರಾ? ಅದು 'ತಯಾರಿ'. ಹುಡುಗಿ ಒಂದು ವರ್ಷ ಲೈಬ್ರರಿಯಲ್ಲಿ ಕೂತು ಪ್ರಬಂಧ ಬರೆದರೆ ಮಾತ್ರ ದಂಡ! ಸ್ವಾಮಿ, ನಿಮಗೆ ಚಿಂತೆ ಇರುವುದು ವರ್ಷದ್ದಲ್ಲ, ಹುಡುಗಿಯ ವಯಸ್ಸಿನದು. ಹಾಗಂತ ಬಾಯಿಬಿಟ್ಟು ಹೇಳಿಬಿಡಿ, ಬಿ.ಎ.ಯನ್ನು ಯಾಕೆ ಬೈಯುತ್ತೀರಿ?

ಆ ವರ್ಷದಲ್ಲಿ ಸಿಗುವುದೇನು ಅಂತ ನನ್ನ ಮನೆಯಲ್ಲೇ ಕಂಡಿದ್ದು ಹೇಳುತ್ತೇನೆ. ಮಗಳ ಪ್ರಬಂಧದ ವಿಷಯ, ದಕ್ಷಿಣದಿಂದ ಬಂದ ಸರ್ಕಾರಿ ಗುಮಾಸ್ತರು ಕರೋಲ್ ಬಾಗಿನ ಬಾಡಿಗೆ ಕೋಣೆಗಳಿಂದ ಆರ್.ಕೆ. ಪುರಂ ಕ್ವಾರ್ಟರ್ಸಿಗೆ ಬಂದ ಕಥೆ. ಅದಕ್ಕಾಗಿ ಜನಪಥದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುತ್ತಾಳೆ, ಹಳೇ ಮಂದಿಯ ಮನೆ ಬಾಗಿಲು ತಟ್ಟುತ್ತಾಳೆ. ಒಂದು ರಾತ್ರಿ ನನ್ನನ್ನೂ ಕೂರಿಸಿಕೊಂಡಳು. "ಅಪ್ಪ, ನೀನು ಬಂದಾಗ ಮೊದಲು ಎಲ್ಲಿದ್ದೆ? ಊಟಕ್ಕೆ ಏನು ಮಾಡ್ತಿದ್ದೆ?" ಇಪ್ಪತ್ತು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಅದೇ ಮೊದಲು. ನಾನು ಉತ್ಸಾಹದಲ್ಲಿ "ಆಗ ನಮ್ಮೋರೆಲ್ಲ ಕರೋಲ್ ಬಾಗಿನಲ್ಲೇ ಇದ್ದಿದ್ದು" ಅಂದೆ. ಅವಳು ಪೆನ್ನು ಕೆಳಗಿಟ್ಟಳು. "ಎಲ್ಲರೂ ಅಂದ್ರೆ ಎಷ್ಟು ಜನ? ನಿಂಗೆ ಹೇಗೆ ಗೊತ್ತು?"

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಯೋಚಿಸಿದೆ. ಹದಿನೈದು ವರ್ಷ ಈ ಹುಡುಗಿ ಬೇರೆಯವರು ಕೇಳಿದ ಪ್ರಶ್ನೆಗೆ ಗೈಡಿನ ಉತ್ತರ ಬರೆದುಕೊಂಡು ಬಂದಳು. ಈಗ ತಾನೇ ಪ್ರಶ್ನೆ ಕೇಳುತ್ತಿದ್ದಾಳೆ, ಅದೂ ಅಪ್ಪ ಹೇಳಿದ ಅಂತ ನಂಬದೆ. ವಾಟ್ಸಾಪಿನಲ್ಲಿ ಬಂದಿದ್ದನ್ನೆಲ್ಲ ಫಾರ್ವರ್ಡ್ ಮಾಡುವ ನಮ್ಮ ಮಧ್ಯೆ "ನಿಂಗೆ ಹೇಗೆ ಗೊತ್ತು?" ಅನ್ನುವ ಒಬ್ಬಳು ತಯಾರಾಗುವುದು ಸಣ್ಣ ಲಾಭವಾ? ಮುಂದೆ ಬ್ಯಾಂಕಿಗೆ ಹೋಗಲಿ, ಪತ್ರಿಕೆಗೆ ಹೋಗಲಿ, ಅಡುಗೆಮನೆಯಲ್ಲೇ ಇರಲಿ, ಆ ಪ್ರಶ್ನೆ ಅವಳ ಜೊತೆ ಇರುತ್ತದೆ.

ಎದುರು ಮಾತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 2013ರಲ್ಲಿ ಇದೇ ದಿಲ್ಲಿ ವಿ.ವಿ. ನಾಲ್ಕು ವರ್ಷದ ಡಿಗ್ರಿ ತಂದು, ಎಲ್ಲರ ತಲೆಗೂ 11 ಫೌಂಡೇಶನ್ ಕೋರ್ಸ್ ಕಟ್ಟಿ, ದೊಡ್ಡ ಗಲಾಟೆಯಾಗಿ 2014ರ ಜೂನ್‌ನಲ್ಲಿ ವಾಪಸ್ ತೆಗೆದುಕೊಂಡಿತು. ಆಗ ವಿರೋಧಿಸಿದವರಲ್ಲಿ ನಾನೂ ಒಬ್ಬ. ಈಗಲೂ ಮೊದಲ ಮೂರು ವರ್ಷ ಆ ಸ್ಕಿಲ್ಲು, ಈ ವ್ಯಾಲ್ಯೂ ಅಂತ ಸಣ್ಣಪುಟ್ಟ ಕೋರ್ಸುಗಳು ವಿಷಯದ ಸಮಯ ತಿನ್ನುತ್ತವೆ. ಅದಕ್ಕೇ ನಾಲ್ಕನೆಯದು ಇನ್ನಷ್ಟು ಬೇಕು ಅನ್ನುತ್ತೇನೆ. ಕಳೆದುಹೋದ ವಿಷಯ ಕೈಗೆ ಸಿಗುವುದು ಅಲ್ಲಿ.

ಇನ್ನು ದುಡ್ಡು. ಪಿಜಿಯಲ್ಲಿ ಬಾಡಿಗೆ ಕಟ್ಟುವ ಬಡವರ ಮಗುವಿಗೆ ಇನ್ನೊಂದು ವರ್ಷ ಅಂದರೆ ಇನ್ನೊಂದು ವರ್ಷದ ಸಾಲ. ಅಂಥವರು ಮೂರಕ್ಕೇ ಕೆಲಸ ಹಿಡಿದರೆ ಬೆರಳು ತೋರಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅದಕ್ಕೆ ಮದ್ದು ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು. ಬಾಗಿಲು ಮುಚ್ಚುವುದಲ್ಲ. ನಮ್ಮ ಕರ್ನಾಟಕ ಅದನ್ನೇ ಮಾಡಿತು. 2021-22ರಲ್ಲಿ ದೇಶದಲ್ಲೇ ಮೊದಲು ಅಂತ ನಾಲ್ಕು ವರ್ಷದ ಪದ್ಧತಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಮೂರು ಬ್ಯಾಚಿಗೆ ಮಾತ್ರ ನಾಲ್ಕನೇ ವರ್ಷದ ಆಯ್ಕೆ ಉಳಿಯಿತು. ಕಡ್ಡಾಯ ಬೇಡ, ಒಪ್ಪಿದೆ. ಬೇಕು ಅನ್ನುವ ಮಗುವಿಗೂ ಬೇಡವೇ? ದುಡ್ಡಿದ್ದವರ ಮಕ್ಕಳು ಅದೇ ನಾಲ್ಕನೇ ವರ್ಷ ಹುಡುಕಿಕೊಂಡು ಖಾಸಗಿ ವಿ.ವಿ.ಗೆ ಹೋಗುತ್ತಾರೆ. ಹಾಸನದ, ರಾಯಚೂರಿನ ಸರ್ಕಾರಿ ಕಾಲೇಜಿನ ಹುಡುಗಿ ಎಲ್ಲಿಗೆ ಹೋಗಬೇಕು?

ಕಣ್ಣು ಮುಚ್ಚಿ ಸೇರಿಸಿ ಅಂತಲೂ ನಾನು ಹೇಳುತ್ತಿಲ್ಲ. ಸೇರುವ ಮುಂಚೆ ವಿಭಾಗಕ್ಕೆ ಹೋಗಿ ಮೂರು ಮಾತು ಕೇಳಿ. ಪ್ರಬಂಧಕ್ಕೆ ಮಾರ್ಗದರ್ಶಕರು ಯಾರು? ಅವರ ಕೈಕೆಳಗೆ ಎಷ್ಟು ಮಕ್ಕಳು? ವಿಷಯ ಮಗುವೇ ಆರಿಸಬಹುದಾ, ಅವರೇ ಹಂಚುತ್ತಾರಾ? ಉತ್ತರ ತಡವರಿಸಿದರೆ ಮೂರಕ್ಕೇ ನಿಲ್ಲಿಸಿ, ತಪ್ಪೇನಿಲ್ಲ. ಕೂತು ಓದಿ ತಿದ್ದಿಕೊಡುವ ಒಬ್ಬ ಮೇಷ್ಟ್ರು ಸಿಕ್ಕರೆ ಮಾತ್ರ ಬಿಡಬೇಡಿ.

ಧಾರವಾಡದ ಆ ಹಿರಿಯರಿಗೆ ಒಂದು ಸುದ್ದಿ. ಮುಂದಿನ ಭಾನುವಾರ ನನ್ನ ಮಗಳು ನೋಟ್‌ಬುಕ್ ಹಿಡಿದುಕೊಂಡು ನಿಮ್ಮ ಮನೆಗೇ ಬರುತ್ತಿದ್ದಾಳೆ ಸಾರ್. ಕರೋಲ್ ಬಾಗಿನಲ್ಲಿ ಹನ್ನೊಂದು ವರ್ಷ ಇದ್ದೆ ಅಂತ ಆವತ್ತು ನೀವೇ ಹೇಳಿದಿರಿ. ಸ್ವಲ್ಪ ಹುಷಾರಾಗಿ ಉತ್ತರ ಕೊಡಿ, ದಾಖಲೆ ಕೇಳುತ್ತಾಳೆ.