ಕೃತಿಚೌರ್ಯವೂ ಶೇಕಡಾ ಲೆಕ್ಕವೂ

ಕೃತಿಚೌರ್ಯವನ್ನು ತಡೆಯಲೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ನಿಯಮಾವಳಿಯೊಂದನ್ನು ಹೊರಡಿಸಿತು. ಅದರ ವ್ಯಾಖ್ಯೆಯಲ್ಲಿ ವಿಚಾರದ ಅಪಹರಣವೂ ಸೇರಿದೆ. ದಂಡನೆಯ ಲೆಕ್ಕ ಮಾತ್ರ ಶೇಕಡಾವಾರು ಸಾಮ್ಯದ್ದು. ಶೇ. 10ರವರೆಗೆ ದಂಡನೆಯಿಲ್ಲ, ಶೇ. 60 ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದು. ಇಂಥದೊಂದು ಕಟ್ಟಳೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದ ಮಟ್ಟಿಗೆ ಈ ಅಳತೆಗೋಲನ್ನು ಎಷ್ಟು ನಂಬಬಹುದು?

ತಂತ್ರಾಂಶವು ತನ್ನ ಸಂಗ್ರಹದಲ್ಲಿರುವುದನ್ನಷ್ಟೇ ಹೋಲಿಸಬಲ್ಲದು. ನಮ್ಮ ಹಳೆಯ ಪತ್ರಿಕೆಗಳು, ಅಚ್ಚಾಗದ ಪ್ರೌಢಪ್ರಬಂಧಗಳು ಎಷ್ಟೋ ಇನ್ನೂ ಕಪಾಟಿನಲ್ಲಿಯೇ ಇವೆ. ಅವುಗಳಿಂದ ಪುಟಗಟ್ಟಲೆ ಎತ್ತಿದವನೂ ಶುದ್ಧಹಸ್ತನೆಂಬ ಪ್ರಮಾಣಪತ್ರ ಪಡೆದಾನು. ಮರಾಠಿ ಗ್ರಂಥವೊಂದರ ವಾದಸರಣಿಯನ್ನು ಕನ್ನಡಕ್ಕೆ ತಿರುಗಿಸಿ ತನ್ನದೆಂದು ಸಾರಿದವನ ಕತೆಯೂ ಅಷ್ಟೇ. ಮುಂಬಯಿ, ಪುಣೆಗಳಲ್ಲಿ ಕುಳಿತು ಬರೆಯುವ ನಮಗೆ ಈ ಪ್ರಲೋಭನೆ ತುಸು ಹತ್ತಿರದ್ದೆಂದು ಒಪ್ಪಿಕೊಳ್ಳಬೇಕು.

ಜಾನಪದ ಕ್ಷೇತ್ರಕಾರ್ಯದ ಸಂಗತಿ ಇನ್ನೂ ಸೂಕ್ಷ್ಮವಾದುದು. ರಾತ್ರಿಯಿಡೀ ಕುಳಿತು ಹಾಡಿಕೊಟ್ಟ ಅಜ್ಜಿ ಎಷ್ಟೋ ವೇಳೆ 'ಒಬ್ಬ ವಕ್ತೃ' ಎಂದಷ್ಟೇ ಉಳಿಯುತ್ತಾಳೆ. ಸಂಗ್ರಾಹಕನ ಹೆಸರು ಮುಖಪುಟವೇರುತ್ತದೆ. ಅದನ್ನು ಯಾವ ಯಂತ್ರ ಹಿಡಿದೀತು? ಪ್ರಬಂಧವನ್ನು ಒಪ್ಪಿಸುವ ಮುನ್ನವೇ ಮಾರ್ಗದರ್ಶಕರು ಕೇಳಬೇಕು: ಇದನ್ನು ಹಾಡಿದವರು ಯಾರು, ಹೆಸರು ಹಾಕಲು ಅವರ ಒಪ್ಪಿಗೆ ಪಡೆದಿರಾ? ಬಹುಕಾಲ ನಾನೂ ಕೇಳಿರಲಿಲ್ಲ.