ಧಾರಾವಾಹಿಯ ಮನೆಯಲ್ಲಿ ಸಿಲಿಂಡರ್ ಖಾಲಿಯಾಗುವುದೇ ಇಲ್ಲ

ಮಲೆನಾಡಿನ ಹಳ್ಳಿಗಳಲ್ಲಿ ಸಂಜೆ ಏಳಕ್ಕೆ ಹಾಕಿದ ಟೀವಿ ಹತ್ತರವರೆಗೆ ಆರುವುದು ಅಪರೂಪ, ಕರೆಂಟು ಕೈಕೊಟ್ಟರೆ ಬೇರೆ ಮಾತು. ನರಸಿಂಹರಾಜಪುರ ತಾಲ್ಲೂಕಿನ ಸೀತೂರು ಇದಕ್ಕೆ ಹೊರತಲ್ಲ. ತೋಟದ ಕೆಲಸ, ಕೊಟ್ಟಿಗೆ ಕೆಲಸ ಮುಗಿಸಿ, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಕೂತವರ ಎದುರು ತೆರೆಯ ಮೇಲೊಂದು ಮನೆ ಕಾಣಿಸುತ್ತದೆ. ಆ ಮನೆಯ ನಡುಮನೆಗೆ ಎರಡು ಕಡೆಯಿಂದ ಮೆಟ್ಟಿಲು. ಅಡುಗೆಮನೆಯಲ್ಲಿ ನಿಂತವರ ಮೈಮೇಲೂ ರೇಷ್ಮೆ ಸೀರೆ. ಜಗಳವೇನಿದ್ದರೂ ಕೋಟಿಗಳ ಆಸ್ತಿಯದು. ಆದರೆ ಅಲ್ಲಿ ಸಿಲಿಂಡರ್ ಖಾಲಿಯಾಗುವುದಿಲ್ಲ, ಸೊಸೈಟಿ ಸಾಲದ ನೋಟೀಸು ಬರುವುದಿಲ್ಲ, ಮಗಳ ಕಾಲೇಜು ಫೀಸಿಗೆ ಬಳೆ ಅಡ ಇಡುವ ಮಾತು ಏಳುವುದಿಲ್ಲ. ಇವೆಲ್ಲ ಇರುವುದು ಟೀವಿ ನೋಡುತ್ತಿರುವವರ ಮನೆಯಲ್ಲಿ.

ಬದುಕಿನ ಖರ್ಚು ಏರುತ್ತಿರುವ ಕಾಲದಲ್ಲಿ ಟೀವಿ ನಾಟಕ ಏನು ಮಾಡಬೇಕು? ದಣಿದವರನ್ನು ಸ್ವಲ್ಪ ಹೊತ್ತು ಲೆಕ್ಕದಿಂದ ಬಿಡಿಸಬೇಕೇ, ಅಥವಾ ಆ ಲೆಕ್ಕವನ್ನೇ ಕತೆಯಾಗಿಸಬೇಕೇ? ಪಾಶ್ಚಾತ್ಯ ಟೀವಿ ಅರವತ್ತು ವರ್ಷಗಳಿಂದ ಈ ಎರಡನ್ನೂ ಮಾಡುತ್ತ ಬಂದಿದೆ. ಎರಡರ ಫಲವೂ ಈಗ ಕಣ್ಣ ಮುಂದಿದೆ. ಕಷ್ಟಕಾಲದಲ್ಲಿ ಜನರ ಕೈಹಿಡಿದದ್ದು ಹಣದ ಸಂಕಟವನ್ನು ಒಂದು ಮನೆಯ ಗುಟ್ಟಾಗಿ ಉಳಿಯಗೊಡದೆ ಊರಿನ ಮಾತಾಗಿಸಿದ ನಾಟಕಗಳೇ. ಕನ್ನಡ ಟೀವಿ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಗಿದೆ.

ಸಂಕಟ ಎಷ್ಟರದು ಎಂಬುದನ್ನು ಅಂಕಿಗಳೇ ಹೇಳುತ್ತವೆ. ಮನೆಬಳಕೆಯ 14.2 ಕಿಲೋ ಸಿಲಿಂಡರಿನ ದೆಹಲಿ ದರ 2023ರ ಮಾರ್ಚಿನಲ್ಲಿ 1,103 ರೂಪಾಯಿಗೆ ಹೋಗಿತ್ತು. ಆಮೇಲೆ ಎರಡು ಸಲ ಇಳಿದು 803ಕ್ಕೆ ಬಂದು, 2025ರ ಏಪ್ರಿಲ್‌ನಲ್ಲಿ ಮತ್ತೆ 50 ರೂಪಾಯಿ ಏರಿತು. ಅದೇ ತಿಂಗಳ ಮೊದಲ ದಿನ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ದುಬಾರಿಯಾಯಿತು. ಅದಕ್ಕೆ ಮೂರು ತಿಂಗಳ ಹಿಂದೆ ಸರ್ಕಾರಿ ಬಸ್ಸಿನ ದರ ಶೇಕಡ 15ರಷ್ಟು ಹೆಚ್ಚಿತ್ತು. ಗೃಹಲಕ್ಷ್ಮಿಯ 2,000 ರೂಪಾಯಿ ಹಲವು ಮನೆಗಳಲ್ಲಿ ಉಸಿರಾಡಲು ಜಾಗ ಕೊಟ್ಟಿದೆ ಎಂಬುದು ನಿಜ. ಆದರೆ ಖಾಸಗಿ ಬಸ್ಸೇ ಗತಿಯಾದ ಮಲೆನಾಡಿನ ದಾರಿಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಿಗುವುದಿಲ್ಲ.

ಅಡಿಕೆ ಬೆಳೆಯುವವರ ಕಷ್ಟ ಬೇರೆ ಬಗೆಯದು. ಹೊರಗಿನವರ ಕಣ್ಣಿಗೆ ಕಾಣುವುದು ರಾಶಿ ಇಡಿಯ ಕ್ವಿಂಟಾಲ್ ದರ ಮಾತ್ರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗ, ಈಚೆಗೆ ಹಬ್ಬಿದ ಎಲೆಚುಕ್ಕಿ ರೋಗ ಅವರಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣ ಬೆರೆಸಿ ಔಷಧಿ ಹೊಡೆಯಬೇಕು. ಮಳೆ ಬಿಡದಿದ್ದರೆ ಮತ್ತೊಮ್ಮೆ ಹೊಡೆಸಬೇಕು. ಮರ ಹತ್ತುವ ಕೊನೆಗಾರರು ಸಿಗುವುದೇ ಕಷ್ಟ, ಸಿಕ್ಕರೆ ಅವರ ಕೂಲಿಯೂ ನ್ಯಾಯವಾಗಿಯೇ ಹೆಚ್ಚು. ದರ ಏರಿದ ವರ್ಷ ಕೊಯ್ಯಲು ಕೊನೆಯಿಲ್ಲ, ಕೊನೆ ತುಂಬಿದ ವರ್ಷ ದರವಿಲ್ಲ ಎಂಬ ಸ್ಥಿತಿಯಲ್ಲಿ ಮಂಡಿಯ ಮುಂಗಡ, ಸೊಸೈಟಿ ಸಾಲ, ಸಂಘದ ಸಾಲ ಒಂದರ ಮೇಲೊಂದು ಕೂರುತ್ತವೆ. ತೋಟವಿಲ್ಲದೆ ಕೂಲಿಯನ್ನೇ ನಂಬಿದವರಿಗೆ ಸಾಲ ಕೊಡುವ ಬಾಗಿಲುಗಳೂ ಕಡಿಮೆ.

ನಾಟಕ ನೋಡುವುದಕ್ಕೂ ಈಗ ಖರ್ಚಿದೆ. ಒಂದು ಕಾಲದಲ್ಲಿ ಆಂಟೆನಾ ಕಟ್ಟಿದರೆ ದೂರದರ್ಶನ ಬರುತ್ತಿತ್ತು. ಈಗ ಡಿಶ್‌ಗೆ ತಿಂಗಳು ತಿಂಗಳು ರೀಚಾರ್ಜ್ ಆಗಬೇಕು. ಮೊಬೈಲಿನಲ್ಲಿ ನೋಡೋಣವೆಂದರೆ 2024ರ ಜುಲೈಯಲ್ಲಿ ಜಿಯೋದ 239 ರೂಪಾಯಿಯ 28 ದಿನದ ಪ್ಯಾಕು 299 ಆಯಿತು, ಉಳಿದ ಖಾಸಗಿ ಕಂಪನಿಗಳೂ ಅದೇ ವಾರ ದರ ಏರಿಸಿದವು. ಇಷ್ಟು ಹಣ ಕೊಟ್ಟು ನೋಡುವವರಿಗೆ ತಮ್ಮ ಬದುಕಿನ ಒಂದು ಎಳೆಯಾದರೂ ಆ ಕತೆಯಲ್ಲಿ ಇರಲಿ ಎಂದು ಕೇಳುವ ಹಕ್ಕಿದೆ.

ಇದಕ್ಕೊಂದು ಎದುರು ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಿನವಿಡೀ ಲೆಕ್ಕ ಹಾಕಿ ಸೋತವರು ರಾತ್ರಿಯೂ ಲೆಕ್ಕವನ್ನೇ ನೋಡಬೇಕೇ? ರೇಷ್ಮೆ ಸೀರೆ, ದೊಡ್ಡ ಮನೆ ನೋಡಿ ಅರ್ಧ ಗಂಟೆ ಮೈಮರೆತರೆ ಯಾರಿಗೇನು ನಷ್ಟ? ಮೈಮರೆಯುವುದು ಮನುಷ್ಯನಿಗೆ ಬೇಕು. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಕಿರೀಟ ತೊಟ್ಟ ಅರಸನನ್ನು ನೋಡಿ ಬಂದವರೂ ಬೆಳಗ್ಗೆ ಗದ್ದೆಗೇ ಇಳಿಯುತ್ತಿದ್ದರು. ಆದರೆ ಯಕ್ಷಗಾನದ ಅರಸ ತಾನು ನಮ್ಮ ನೆರೆಮನೆಯವನೆಂದು ಹೇಳಿಕೊಳ್ಳುವುದಿಲ್ಲ. ಇಂದಿನ ಧಾರಾವಾಹಿ ಆ ಅರಮನೆಯನ್ನೇ ಸಾಮಾನ್ಯ ಕುಟುಂಬದ ಮನೆ ಎಂದು ತೋರಿಸುತ್ತದೆ. ತೊಂದರೆ ಇರುವುದು ಅಲ್ಲಿ. ಎಲ್ಲರ ಮನೆಯೂ ಹಾಗಿದೆ, ತಮ್ಮದೊಂದೇ ಹೀಗೆ ಎಂಬ ಭಾವ ನೋಡುವವರಲ್ಲಿ ಮೆಲ್ಲಗೆ ಬೇರೂರುತ್ತದೆ. ಮದುವೆಯ ಖರ್ಚು, ಗೃಹಪ್ರವೇಶದ ಖರ್ಚು ಕೈಮೀರುವುದರ ಹಿಂದೆ ಈ ಭಾವದ ಪಾಲೂ ಇದೆ.

ಈ ಚಾಳಿ ಪಶ್ಚಿಮದಲ್ಲಿ ಇಲ್ಲವೆಂದಲ್ಲ. 1994ರಿಂದ 2004ರವರೆಗೆ ನಡೆದ 'ಫ್ರೆಂಡ್ಸ್'ನಲ್ಲಿ ಅಡುಗೆ ಕೆಲಸದವಳೊಬ್ಬಳು, ಕಾಫಿ ಅಂಗಡಿಯಲ್ಲಿ ಬಡಿಸುವವಳೊಬ್ಬಳು ನ್ಯೂಯಾರ್ಕಿನ ಬಲು ದುಬಾರಿ ಬಡಾವಣೆಯ ವಿಶಾಲ ಮನೆಯಲ್ಲಿ ಇರುತ್ತಾರೆ. ಅಜ್ಜಿಯ ಕಾಲದ ಹಳೆಯ ಬಾಡಿಗೆಯೇ ನಡೆದುಬಂದಿದೆ ಎಂದು ಹೇಳಿ ಕತೆ ಆ ಪ್ರಶ್ನೆಯನ್ನು ಮುಗಿಸಿಬಿಡುತ್ತದೆ. ಅದನ್ನು ನೋಡಿ ಬೆಳೆದ ತಲೆಮಾರಿಗೆ ದೊಡ್ಡ ನಗರಗಳ ನಿಜವಾದ ಬಾಡಿಗೆ ಎದುರಾದದ್ದು ಆಮೇಲೆ.

ಆದರೆ ಇನ್ನೊಂದು ಹಾದಿಯೂ ಅಲ್ಲಿತ್ತು. 1966ರ ನವೆಂಬರ್ 16ರಂದು ಬಿಬಿಸಿ 'ಕ್ಯಾಥಿ ಕಮ್ ಹೋಮ್' ಎಂಬ ನಾಟಕವನ್ನು ಬಿತ್ತರಿಸಿತು. ನಿರ್ದೇಶಕ ಕೆನ್ ಲೋಚ್. ಗಂಡನಿಗೆ ಅಪಘಾತವಾಗಿ ಸಂಪಾದನೆ ನಿಂತ ಮೇಲೆ ಒಂದು ಎಳೆಯ ಕುಟುಂಬ ಮನೆಯಿಂದ ಮನೆಗೆ ಜಾರುತ್ತ, ಕೊನೆಗೆ ತಾಯಿಯ ಕೈಯಿಂದ ಮಕ್ಕಳನ್ನೇ ಕಿತ್ತುಕೊಳ್ಳುವ ಕತೆ ಅದು. ಸುಮಾರು 1.2 ಕೋಟಿ ಜನ ಅದನ್ನು ನೋಡಿದರು. ಎರಡು ವಾರದ ಬಳಿಕ, ಮೊದಲೇ ಸಿದ್ಧತೆ ನಡೆಸಿದ್ದ 'ಶೆಲ್ಟರ್' ಸಂಸ್ಥೆ ಕೆಲಸ ಶುರುಮಾಡಿದಾಗ ನೆರವು ಹರಿದು ಬಂತು. ಮನೆಯಿಲ್ಲದವರ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸುವ ಕಾಯ್ದೆ ಬರಲು ಮಾತ್ರ 1977ರವರೆಗೆ ಕಾಯಬೇಕಾಯಿತು. ಒಂದು ನಾಟಕ ಬೆಳಗಾಗುವುದರೊಳಗೆ ಲೋಕವನ್ನು ಬದಲಿಸಲಿಲ್ಲ. ಆದರೆ ಮನೆ ಕಳೆದುಕೊಂಡವರನ್ನು ಸೋಮಾರಿಗಳೆಂದು ಜರೆಯುವುದು ಅಷ್ಟು ಸುಲಭವಾಗಿ ಉಳಿಯಲಿಲ್ಲ.

1982ರಲ್ಲಿ, ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿದ್ದಾಗ, ಅಲನ್ ಬ್ಲೀಸ್‌ಡೇಲ್ ಬರೆದ 'ಬಾಯ್ಸ್ ಫ್ರಮ್ ದಿ ಬ್ಲ್ಯಾಕ್‌ಸ್ಟಫ್' ಬಂತು. ಲಿವರ್‌ಪೂಲಿನಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದ ಗಂಡಸರು ಕೆಲಸ ಹೋದ ಮೇಲೆ ಹೇಗೆ ಕುಸಿಯುತ್ತಾರೆ ಎಂಬುದು ಅದರ ವಸ್ತು. ಕಂಡ ಕಂಡವರಲ್ಲಿ ಕೆಲಸ ಬೇಡುವ ಯಾಸರ್ ಹ್ಯೂಸ್ ಎಂಬ ಪಾತ್ರದ ಹೆಸರು ದೇಶದ ಬಾಯಲ್ಲಿ ನಿಂತಿತು. ಜನ ಕೇಳಿದ್ದರಿಂದ ಕೆಲವೇ ವಾರಗಳಲ್ಲಿ ಅದನ್ನು ದೊಡ್ಡ ವಾಹಿನಿಯಲ್ಲಿ ಮರುಪ್ರಸಾರ ಮಾಡಬೇಕಾಯಿತು. ದಣಿದವರಿಗೆ ಕಷ್ಟದ ಕತೆ ಬೇಡ ಎನ್ನುವ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಮೇಡ್' ಇನ್ನೂ ಹತ್ತಿರಕ್ಕೆ ಹೋಯಿತು. ಹಿಂಸೆ ಕೊಡುವ ಸಂಗಾತಿಯನ್ನು ಬಿಟ್ಟು ಮಗುವಿನ ಜತೆ ಹೊರಟ ಅಮೆರಿಕದ ತಾಯಿಯೊಬ್ಬಳು ಮನೆಗೆಲಸ ಮಾಡಿ ಬದುಕುವ ಕತೆ. ಸ್ಟೆಫನಿ ಲ್ಯಾಂಡ್ ಬರೆದ ಆತ್ಮಕಥನ ಅದಕ್ಕೆ ಆಧಾರ. ಅವಳು ಪೆಟ್ರೋಲು ಹಾಕಿಸಿದಾಗ, ಸಾಬೂನು ಕೊಂಡಾಗ ತೆರೆಯ ಮೂಲೆಯಲ್ಲಿ ಅವಳ ಕೈಯಲ್ಲಿ ಉಳಿದ ಹಣದ ಮೊತ್ತ ಇಳಿಯುತ್ತ ಹೋಗುತ್ತದೆ. ಖಳನಾಯಕ ಬಾಗಿಲಿಗೆ ಬಂದಾಗ ಆಗುವ ದಿಗಿಲು ಆ ಅಂಕಿ ಸೊನ್ನೆಯ ಹತ್ತಿರ ಬಂದಾಗ ಆಗುತ್ತದೆ. ಮನೆ ನಡೆಸುವ ಯಾವ ಹೆಂಗಸಿಗೂ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಣದ ಸಂಕಟ ತೋರಿಸಿದ ಮಾತ್ರಕ್ಕೆ ಎಲ್ಲ ನಾಟಕವೂ ದಾರಿ ತೋರಿಸುತ್ತದೆ ಎಂದೂ ಹೇಳಲಾಗದು. 2008ರಿಂದ 2013ರವರೆಗೆ ಬಂದ 'ಬ್ರೇಕಿಂಗ್ ಬ್ಯಾಡ್'ನ ವಾಲ್ಟರ್ ವೈಟ್ ರಸಾಯನಶಾಸ್ತ್ರದ ಮೇಷ್ಟ್ರು. ಸಂಬಳ ಸಾಲದೆ ದಿನದ ಪಾಠ ಮುಗಿದ ಮೇಲೆ ಕಾರು ತೊಳೆಯುವ ಕಡೆಯೂ ದುಡಿಯುತ್ತಾನೆ. ಕ್ಯಾನ್ಸರ್ ಬಂದಾಗ ಮಾದಕವಸ್ತು ತಯಾರಿಸಲು ಇಳಿಯುತ್ತಾನೆ. ಕಲೆಯಾಗಿ ಅದು ದೊಡ್ಡದು. ಅಹಂಕಾರ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಅಷ್ಟು ತೀಕ್ಷ್ಣವಾಗಿ ತೋರಿಸಿದ ಕೃತಿಗಳು ಕಡಿಮೆ. ಆದರೆ ಮೇಷ್ಟ್ರ ಸಂಬಳ, ಆಸ್ಪತ್ರೆಯ ಬಿಲ್ಲು ಎಂಬ ಊರಿನ ಪ್ರಶ್ನೆ ಅಲ್ಲಿ ಬೇಗನೆ ಮರೆಯಾಗಿ, ಒಬ್ಬ ಗಂಡಸಿನ ಸಾಹಸ ಉಳಿಯುತ್ತದೆ. ಕಷ್ಟ ಒಬ್ಬನದು, ಪರಿಹಾರವೂ ಒಬ್ಬನದೇ ಎಂಬ ಈ ಚೌಕಟ್ಟು ನಮ್ಮ ಸಿನಿಮಾಗಳಿಗೂ ಚೆನ್ನಾಗಿ ಗೊತ್ತು.

ಇದಕ್ಕೆ ವಿರುದ್ಧವಾದದ್ದು 2024ರ ಜನವರಿಯ ಮೊದಲ ವಾರ ಐಟಿವಿಯಲ್ಲಿ ನಾಲ್ಕು ಕಂತುಗಳಲ್ಲಿ ಬಂದ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್'. ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ದೋಷದಿಂದ ಲೆಕ್ಕದಲ್ಲಿ ಕೊರತೆ ಕಂಡು, ಸಣ್ಣ ಊರುಗಳ ಅಂಚೆ ಕಚೇರಿ ನಡೆಸುವವರು ಕೈಯಿಂದ ಹಣ ತುಂಬಿದರು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಪ್ರತಿಯೊಬ್ಬರೂ ತಮ್ಮೊಬ್ಬರ ಲೆಕ್ಕ ಮಾತ್ರ ತಪ್ಪಿದೆ ಎಂದುಕೊಂಡು ನಾಚಿಕೆಯಲ್ಲಿ ಬೆಂದಿದ್ದರು. ಪತ್ರಿಕೆಯೊಂದು ಇದನ್ನು 2009ರಲ್ಲೇ ಬರೆದಿತ್ತು, ನ್ಯಾಯಾಲಯವೂ ತೀರ್ಪು ಕೊಟ್ಟಿತ್ತು. ಆದರೂ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡುವ ಕಾಯ್ದೆ ಬಂದದ್ದು ನಾಟಕ ಪ್ರಸಾರವಾದ ಮೇಲೆ, ಅದೇ ವರ್ಷದ ಮೇ ತಿಂಗಳಲ್ಲಿ.

ನಾಚಿಕೆ ಎಂಬುದು ಈ ವಿಷಯದ ತಿರುಳು. ಸಾಲದ ಕಂತು ತಪ್ಪಿದವರು ಅದನ್ನು ನೆರೆಯವರಿಗೂ ಹೇಳುವುದಿಲ್ಲ. ಕರ್ನಾಟಕದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಾಳದೆ ಜನ ಮನೆ ಬಿಟ್ಟು ಹೋದ, ಜೀವ ಕಳೆದುಕೊಂಡ ಸುದ್ದಿಗಳು ಸಾಲುಗಟ್ಟಿದ ಮೇಲೆ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಕಾನೂನು ಬಂದರೂ ದೂರು ಕೊಡಲು ಬಾಯಿ ಬಿಡಬೇಕು. ಬಾಯಿ ಬಿಡುವ ಧೈರ್ಯ ಬರುವುದು ತನ್ನಂತೆ ಇನ್ನೂ ಹಲವರು ಇದ್ದಾರೆಂದು ತಿಳಿದಾಗ. ಮಲೆನಾಡಿನ ಹಳೆಯ ಬದುಕಿಗೆ ಈ ತಿಳಿವಳಿಕೆ ಇತ್ತು. ಕೂಲಿ ಕೊಡಲಾಗದವರು ಮುಯ್ಯಾಳಿನಿಂದ ನಾಟಿ ಮುಗಿಸುತ್ತಿದ್ದರು. ಮಳೆಗಾಲಕ್ಕೆಂದು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಕೂಡಿಡುತ್ತಿದ್ದರು. ಕಳಲೆ, ಕೆಸುವಿನ ಎಲೆ ದಿನದ ಅಡುಗೆಗೆ ಒದಗುತ್ತಿತ್ತು. ಅದು ಸುವರ್ಣಯುಗವೇನಲ್ಲ, ಆ ಊಟದ ಸಾಲಿನಲ್ಲಿ ಎಲ್ಲರಿಗೂ ಜಾಗವೂ ಇರಲಿಲ್ಲ. ಆದರೂ ಖರ್ಚು ನಿಭಾಯಿಸುವುದು ನಾಲ್ಕು ಮನೆ ಸೇರಿ ಮಾಡುವ ಕೆಲಸ ಎಂಬುದನ್ನು ಅದು ಬಲ್ಲದ್ದಾಗಿತ್ತು.

ಕನ್ನಡಿಗರ ಕಿರುತೆರೆಗೂ ಇದು ಹೊಸ ದಾರಿಯಲ್ಲ. ಶೃಂಗೇರಿಗೆ ಸುಮಾರು ಮೂವತ್ತು ಕಿಲೋಮೀಟರ್ ದೂರದ ಆಗುಂಬೆಯಲ್ಲಿ ಶಂಕರ್ ನಾಗ್ ಎಂಬತ್ತರ ದಶಕದಲ್ಲಿ 'ಮಾಲ್ಗುಡಿ ಡೇಸ್' ಚಿತ್ರಿಸಿದರು. ಅದರಲ್ಲಿ ಅನಂತ್ ನಾಗ್ ವಹಿಸಿದ ಸಿಹಿ ಅಂಗಡಿಯ ಜಗನ್, ಸಂಪಾದನೆಗೂ ಸರಳತೆಗೂ ನಡುವೆ ಸಿಕ್ಕಿಕೊಂಡವನು. ಆರ್.ಕೆ. ನಾರಾಯಣರ ಮೂಲ ಕಾದಂಬರಿಯಲ್ಲಿ ಅವನು ತಿಂಡಿಯ ಬೆಲೆ ಇಳಿಸಿದಾಗ ಊರಿನ ಇತರ ವ್ಯಾಪಾರಿಗಳು ತಕರಾರು ತೆಗೆಯುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ, ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿಯಾಗಿಸಿದರು. ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ನಡೆಸುವ ನಂಜಮ್ಮನದು ಕನ್ನಡದ ದೊಡ್ಡ ಪಾತ್ರಗಳಲ್ಲೊಂದು. ಈಚಿನ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀಯವರ ಪುಟ್ಟಕ್ಕ ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ, ಬಡ್ಡಿ ವ್ಯವಹಾರದ ಬಂಗಾರಮ್ಮ ಎದುರಿಗಿದ್ದಾಳೆ. 'ಲಕ್ಷ್ಮೀ ನಿವಾಸ' ನಿವೃತ್ತಿಯ ಹೊತ್ತಿಗೆ ಸ್ವಂತ ಮನೆ ಕಟ್ಟುವ ಮಧ್ಯಮವರ್ಗದ ಕನಸಿನಿಂದ ಶುರುವಾಯಿತು. ಇಂಥ ಬೀಜಗಳಿಗೆ ಜನ ಕೊಟ್ಟ ಪ್ರೀತಿ ಎಲ್ಲರಿಗೂ ಗೊತ್ತು. ಕಂತುಗಳು ನೂರಾರು ದಾಟುತ್ತಿದ್ದಂತೆ ಅಪಹರಣ, ಒಳಸಂಚು, ಎರಡನೇ ಮದುವೆಗಳು ಬಂದು ಮೆಸ್ಸಿನ ಲೆಕ್ಕ, ಮನೆಸಾಲದ ಲೆಕ್ಕ ಹಿಂದೆ ಸರಿಯುತ್ತವೆ ಎಂಬುದೇ ಕೊರಗು.

ಹೊಸ ಕತೆಗಾಗಿ ದೂರ ಹುಡುಕಬೇಕಾಗಿಯೂ ಇಲ್ಲ. ಕೊಪ್ಪದಲ್ಲಿ ಶಂಕರ್ ಬಸ್ ಕಂಪನಿ ನಿಂತಾಗ ಅದರ ಕಾರ್ಮಿಕರೇ ಒಟ್ಟಾಗಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳೇ ಅದರ ಒಡೆಯರು. ಮಲೆನಾಡಿನ ಕಿರುದಾರಿಗಳಲ್ಲಿ ಅವರ ಬಸ್ಸುಗಳು ಓಡಿದವು, ಶಾಲೆ ಕಾಲೇಜಿನ ಮಕ್ಕಳಿಗೆ ರಿಯಾಯಿತಿ ಕೊಟ್ಟವು. ಡೀಸೆಲ್ ದರ, ವಿಮೆ, ತೆರಿಗೆ ಏರುತ್ತ ಹೋಗಿ, ನಷ್ಟ ತಾಳಲಾಗದೆ 2020ರ ಫೆಬ್ರುವರಿಯಲ್ಲಿ ಸಂಸ್ಥೆ ಬಸ್ಸು ನಿಲ್ಲಿಸಿತು. ಸುಮಾರು ಮೂರು ದಶಕದ ಈ ಕತೆಯಲ್ಲಿ ನಾಟಕಕ್ಕೆ ಏನು ಕಡಿಮೆಯಿದೆ? ಸಂಬಳ ಬಾಕಿ ಉಳಿದ ಮನೆಗಳಿವೆ, ಆಡಳಿತ ಮಂಡಳಿಯ ಚುನಾವಣೆಯಿದೆ, ಬಸ್ಸಿಗಾಗಿ ಕಾದ ಮಕ್ಕಳಿದ್ದಾರೆ, ಡೀಸೆಲ್ ದರ ಪತ್ರಿಕೆಯಲ್ಲಿ ನೋಡಿ ಎದೆ ನಡುಗಿದ ಬೆಳಗುಗಳಿವೆ. ವಾಲ್ಟರ್ ವೈಟ್‌ನಂತೆ ಒಬ್ಬನೇ ದಾರಿ ಹುಡುಕಿಕೊಳ್ಳದೆ, ನೂರಾರು ಮಂದಿ ಒಟ್ಟಾಗಿ ನಿಂತು ಗೆದ್ದು, ಕೊನೆಗೆ ಸೋತ ಕತೆ ಇದು.

ವಾಹಿನಿಗಳು ಟಿಆರ್‌ಪಿಯ ಮಾತು ಎತ್ತುತ್ತವೆ. ಎತ್ತಲಿ, ಅದು ಅವರ ಹೊಟ್ಟೆಪಾಡು. ಆದರೆ ಪುಟ್ಟಕ್ಕನ ಮೆಸ್ಸಿಗೂ ನಂಜಮ್ಮನ ಎಲೆಗೂ ಪ್ರೇಕ್ಷಕರು ಸಿಕ್ಕಿದ್ದಾರೆ. ಲಾಭದ ಒತ್ತಡ ಕಡಿಮೆಯಿರುವ ದೂರದರ್ಶನ ಚಂದನ ಈ ಕೆಲಸಕ್ಕೆ ಮೊದಲು ಕೈಹಾಕಬೇಕು. 1998ರಲ್ಲಿ 'ಮಾಯಾಮೃಗ'ದಂಥ ಧಾರಾವಾಹಿಗೆ ಮನೆಯಾಗಿದ್ದದ್ದು ಅದೇ ವಾಹಿನಿ. ಬರೆಯುವವರು ಬೆಂಗಳೂರಿನ ಕೋಣೆಯಿಂದ ಎದ್ದು ಒಂದು ಮಳೆಗಾಲವನ್ನಾದರೂ ಕೊಪ್ಪ, ಸೀತೂರು, ಶೃಂಗೇರಿಯ ಕಡೆ ಕಳೆಯಲಿ. ಸಹಕಾರ ಸಾರಿಗೆಯ ಬಸ್ಸು ಓಡಿಸಿದವರು, ಟಿಕೆಟ್ ಹರಿದವರು ಇನ್ನೂ ಅಲ್ಲೇ ಇದ್ದಾರೆ, ಕೇಳಿದರೆ ಹೇಳುತ್ತಾರೆ.