ಫೋನಿನ ಆಯುಸ್ಸು

ಚಳ್ಳಕೆರೆಯ ಯಾವ ಮೊಬೈಲ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಎಷ್ಟರೊಳಗೆ ನೋಡ್ತೀರಣ್ಣ?" ಹತ್ತು ಸಾವಿರ ಎಂದರೆ ಗಾಜಿನ ಮೇಲೆ ಒಂದು ಸಾಲು ಬಂದು ಕೂರುತ್ತದೆ, ಹದಿನೈದು ಎಂದರೆ ಇನ್ನೊಂದು ಸಾಲು. "ಐವತ್ತು ಎಂಪಿ ಕ್ಯಾಮೆರಾ ಐತೆ, ಹದಿನಾರು ಜಿಬಿ ರ‍್ಯಾಮ್ ಐತೆ" ಎಂದು ವರ್ಣನೆ ಶುರುವಾಗುತ್ತದೆ. ಇದು ಎಷ್ಟು ವರ್ಷ ಬಾಳುತ್ತದೆ ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವ ಜನ ನಾವು. ಫೋನಿನ ವಿಷಯಕ್ಕೆ ಬಂದರೆ ಮೈಬಣ್ಣ ನೋಡಿ ವ್ಯಾಪಾರ ಮುಗಿಸುತ್ತೇವೆ.

ಫೋನಿನ ಆಯ್ಕೆ ಅವರವರ ರುಚಿಗೆ ಬಿಟ್ಟದ್ದು ಎಂಬ ಮಾತು ಬೆಂಗಳೂರಿನ ಮಾಲ್‌ಗೆ ಹೊಂದೀತು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಅದು ಆಯುಸ್ಸಿನ ಲೆಕ್ಕ. ಆ ಆಯುಸ್ಸನ್ನು ಬರೆಯುವವರು ದುಡ್ಡು ಕೊಟ್ಟವರಲ್ಲ, ಬೇರೆ ಯಾರೋ. ಬರೆಯುವವರು ಯಾರೆಂದು ತಿಳಿದುಕೊಳ್ಳದೆ ಮಾಡುವ ಆಯ್ಕೆ ಆಯ್ಕೆಯೇ ಅಲ್ಲ ಎಂಬುದು ನನ್ನ ವಾದ.

ಹಿಂದೆ ವಸ್ತುಗಳು ಸವೆದು ಹಳತಾಗುತ್ತಿದ್ದವು. ಕುರುಬರು ನೇಯ್ದ ಚಳ್ಳಕೆರೆ ಕಂಬಳಿ ನೂಲು ಬಿಟ್ಟಾಗ ಹಳತು, ಅದಕ್ಕೆ ಮುಂಚೆ ಅಲ್ಲ. ಫೋನು ಹಾಗಲ್ಲ, ಏನೂ ಕೆಡದೆಯೂ ಅದು ಹಳತಾಗುತ್ತದೆ. ಡಿಸ್‌ಪ್ಲೇ ಸರಿಯಿದೆ, ಸ್ಪೀಕರ್ ಸರಿಯಿದೆ, ಆದರೆ ಒಂದು ಬೆಳಿಗ್ಗೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ. ಆಂಡ್ರಾಯ್ಡ್ 5ಕ್ಕಿಂತ ಹಿಂದಿನದಾದರೆ ವಾಟ್ಸ್‌ಆ್ಯಪ್ ಕೂಡ ನಡೆಯುವುದಿಲ್ಲ. ಕಂಪನಿ ತಂತ್ರಾಂಶದ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿದ ದಿನವೇ ಫೋನಿನ ಕೊನೆಗಾಲ ಶುರುವಾಗಿರುತ್ತದೆ; ಕೈಯಲ್ಲಿ ಹಿಡಿದವರಿಗೆ ಗೊತ್ತಾಗುವುದು ತಡವಾಗಿ, ಅಷ್ಟೆ.

ಹಾಗಾದರೆ ಕಂಪನಿಗಳು ಎಷ್ಟು ವರ್ಷ ಕಳಿಸುತ್ತವೆ? ಒಂದೊಂದು ಒಂದೊಂದು ಥರ. ಗೂಗಲ್ ಕಂಪನಿ 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8 ತಂದಾಗ ಏಳು ವರ್ಷದ ಮಾತು ಕೊಟ್ಟಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ ಅದನ್ನೇ ಹೇಳಿತು. ಇವು ದೊಡ್ಡ ಬೆಲೆಯವು, ನಮ್ಮ ಪೇಟೆಯಲ್ಲಿ ಮಾರಾಟವಾಗುವುದು ಅಪರೂಪ. ಆದರೆ ಅದೇ ವರ್ಷ ಇಪ್ಪತ್ತು ಸಾವಿರದೊಳಗೆ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಭರವಸೆ ಸಿಕ್ಕಿತು. ಇನ್ನೊಂದೆಡೆ ಎಂಟು, ಒಂಬತ್ತು ಸಾವಿರದ ಎಷ್ಟೋ ಫೋನುಗಳಿಗೆ ಎರಡು ವರ್ಷ ಸಿಕ್ಕರೆ ಹೆಚ್ಚು. ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ: ಈ ವರ್ಷಗಳನ್ನು ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ದೀಪಾವಳಿ ಆಫರ್‌ನಲ್ಲಿ ಮೂರು ಸಾವಿರ ಕಡಿಮೆಗೆ ಸಿಗುವ ಫೋನು ಅಷ್ಟರಲ್ಲಿ ತನ್ನ ಅರ್ಧ ಆಯುಸ್ಸು ಕಳೆದಿರಬಹುದು.

ಲೆಕ್ಕ ಹಾಕಿ ನೋಡೋಣ. ಒಂಬತ್ತು ಸಾವಿರದ ಫೋನು ಎರಡು ವರ್ಷ ಬಂದರೆ ವರ್ಷಕ್ಕೆ 4,500 ರೂಪಾಯಿ. ಹದಿನೆಂಟು ಸಾವಿರದ್ದು ಆರು ವರ್ಷ ಬಂದರೆ, ನಡುವೆ ಒಂದೂವರೆ ಸಾವಿರ ಕೊಟ್ಟು ಬ್ಯಾಟರಿ ಬದಲಿಸಿದರೂ, ವರ್ಷಕ್ಕೆ 3,250. ಅಗ್ಗದ್ದೇ ದುಬಾರಿ ಎಂಬುದು ಅಜ್ಜಿಗೂ ಗೊತ್ತಿರುವ ಮಾತು. ಆದರೆ ಈ ಲೆಕ್ಕ ಒಪ್ಪಿಸುವವರು ಮರೆಯುವ ವಿಷಯವೆಂದರೆ, ಹದಿನೆಂಟು ಸಾವಿರ ಒಟ್ಟಿಗೆ ಕೈಯಲ್ಲಿರಬೇಕು. ಮಳೆ ನಂಬಿ ಶೇಂಗಾ ಬಿತ್ತುವ ಈ ಸೀಮೆಯಲ್ಲಿ ದುಡ್ಡು ಕಾಣುವುದು ಬೆಳೆ ಮಂಡಿಗೆ ಹೋದ ಮೇಲೆ, ಅದೂ ಮಳೆ ಕೈಕೊಡದಿದ್ದರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಇವೆ. ಫೋನು ಮಾತ್ರ ಬಿತ್ತನೆ ಬೀಜಕ್ಕೆ ಸಾಲ ಹುಡುಕುವ ಜೂನ್ ತಿಂಗಳಲ್ಲೇ ಕೈಕೊಡುತ್ತದೆ.

ಆಗ ಕಂತಿನ ಹುಡುಗ ಬರುತ್ತಾನೆ. ಸೊನ್ನೆ ಬಡ್ಡಿ, ಡೌನ್ ಪೇಮೆಂಟ್ ಇಲ್ಲ, ಆಧಾರ್ ಕೊಟ್ಟರೆ ಸಾಕು. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದಿತ್ತು. ಬಡ್ಡಿ ಪ್ರೊಸೆಸಿಂಗ್ ಫೀಸಿನಲ್ಲೋ, ಬಿಟ್ಟುಹೋದ ರಿಯಾಯಿತಿಯಲ್ಲೋ ಅಡಗಿರುತ್ತದೆ. ಒಂದು ಕಂತು ತಪ್ಪಿದರೆ ಫೋನು ತಾನೇ ಲಾಕ್ ಆಗುವ ವ್ಯವಸ್ಥೆಯೂ ಉಂಟು. ಆದರೂ ಕಂತೇ ತಪ್ಪು ಎಂದು ನಾನು ಹೇಳಲಾರೆ. ಹನ್ನೆರಡು ತಿಂಗಳ ಕಂತು ಆರು ವರ್ಷದ ಫೋನಿಗಾದರೆ ಸರಿ. ಕಂತು ಮುಗಿಯುವ ಹೊತ್ತಿಗೆ ಹ್ಯಾಂಗ್ ಆಗುವ ಫೋನಿಗಾದರೆ ಅದು ಶುದ್ಧ ನಷ್ಟ. ಇದಕ್ಕಿಂತ ಒಳ್ಳೆಯ ದಾರಿಯೂ ಇದೆ: ದೀರ್ಘ ಅಪ್‌ಡೇಟ್ ಇರುವ ಮಾಡೆಲನ್ನು ಎರಡನೇ ಕೈಯಲ್ಲಿ ಕೊಳ್ಳುವುದು. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಹಾಕಿ, ಕದ್ದ ಮಾಲಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಲ್ ಸಮೇತ ಕೊಳ್ಳಬೇಕು. ಮರ್ಯಾದೆಗೆ ಏನೂ ಕುಂದಿಲ್ಲ.

ಇನ್ನು ಆ ಐವತ್ತು ಎಂಪಿ ಕ್ಯಾಮೆರಾದ ಮಾತು. ಅದರ ನಿಜವಾದ ಪರೀಕ್ಷೆ ನಡೆಯುವುದು ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ರೇಷ್ಮೆ ಸೀರೆ ಈಗ ಎಷ್ಟೋ ಸಲ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ವಾಟ್ಸ್‌ಆ್ಯಪ್‌ನಲ್ಲಿ. ಮಗ್ಗದ ಮನೆಯಲ್ಲಿ ಬೆಳಕು ಕಡಿಮೆ. ಸೀರೆಯನ್ನು ಬಾಗಿಲ ಬಳಿ ತಂದು, ಸೆರಗು ಬಿಡಿಸಿ, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ತೆಗೆಯುವ ಫೋಟೊ ಅದು. ಫೋನು ಸುಮ್ಮನಿರುವುದಿಲ್ಲ. ಜರಿ ಅಂಚು ಹೊಳೆದು ಬೆಳ್ಳಗಾಗುತ್ತದೆ, ಕಡುಗೆಂಪು ಒಡಲು ರಾಣಿ ಬಣ್ಣಕ್ಕೆ ತಿರುಗುತ್ತದೆ, ರಾಮಾ ಹಸಿರು ನೀಲಿಯಾಗುತ್ತದೆ. ಚಿತ್ರ ಚೆಂದ ಕಾಣಲಿ ಎಂದು ಫೋನೇ ಬಣ್ಣ ಏರಿಸುತ್ತದೆ. ಸೀರೆ ಕೈಗೆ ಬಂದ ಮೇಲೆ "ನಾವು ನೋಡಿದ ಬಣ್ಣ ಇದಲ್ಲ" ಎಂದು ಗಿರಾಕಿ ವಾಪಸ್ ಕಳಿಸಿದರೆ ನಷ್ಟ ನೇಯ್ದವರದು. ಎಂಪಿ ಹೆಚ್ಚಿದರೆ ಈ ತೊಂದರೆ ಕಡಿಮೆಯಾಗದು. ಐವತ್ತು ಎಂಪಿಯ ಫೋನು ಸಾಮಾನ್ಯವಾಗಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ ಹನ್ನೆರಡೂವರೆ ಎಂಪಿಯ ಚಿತ್ರವನ್ನೇ ಕೊಡುತ್ತದೆ. ನೂರೆಂಟು ಎಂಪಿಯದು ಒಂಬತ್ತನ್ನು ಒಂದು ಮಾಡಿ ಹನ್ನೆರಡು. ಅದಕ್ಕಿಂತ, ಕೊಳ್ಳುವ ಮುಂಚೆ ಒಂದು ಸೀರೆ ತುಂಡನ್ನು ಅಂಗಡಿಗೇ ಒಯ್ದು, ಹೊರಗೆ ನೆರಳಿನಲ್ಲಿ ಫೋಟೊ ತೆಗೆದು, ಬಟ್ಟೆಯನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಸಾವಿರ ಪಾಲು ಮೇಲು. ಅಂಗಡಿಯವರು ನಗಬಹುದು. ನಗಲಿ.

ಹದಿನಾರು ಜಿಬಿ ರ‍್ಯಾಮ್ ಎಂಬುದೂ ಅಂಥದೇ. ಅದರಲ್ಲಿ ಎಂಟು ಮಾತ್ರ ನಿಜ, ಉಳಿದ ಎಂಟು ಸ್ಟೋರೇಜಿನಿಂದ ಕಡ ತಂದದ್ದು ಎಂದು ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. 5ಜಿ ಬೇಕೇ? ಈಗ ಕೊಳ್ಳುವುದಾದರೆ ಬೇಕು, ಆರು ವರ್ಷದ ಮಾತಾದ್ದರಿಂದ. ಆದರೆ ಹೆದ್ದಾರಿ ಬಿಟ್ಟು ಒಳಗಿರುವ ಹಳ್ಳಿಗಳಿಗೆ ದೂರ ಮುಟ್ಟುವುದು 700 ಮೆಗಾಹರ್ಟ್ಸ್‌ನಂಥ ಕೆಳ ತರಂಗ. ಫೋನಿನಲ್ಲಿ ಆ ಬ್ಯಾಂಡ್ ಇದೆಯೇ ಎಂದು ನೋಡಬೇಕು.

ಬಿಸಿಲಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಆ್ಯಪಲ್, ಸ್ಯಾಮ್‌ಸಂಗ್ ಎರಡೂ ತಮ್ಮ ಫೋನನ್ನು ಸೊನ್ನೆಯಿಂದ 35 ಡಿಗ್ರಿ ಉಷ್ಣಾಂಶದೊಳಗೆ ಬಳಸಿ ಎನ್ನುತ್ತವೆ. ನಮ್ಮಲ್ಲಿ ಏಪ್ರಿಲ್ ಬಂದರೆ ಪಾದರಸ 40ರ ಹತ್ತಿರ ಸುಳಿದಾಡುತ್ತದೆ. ತಗಡಿನ ಮನೆಯೊಳಗಿನ ಸೆಕೆ ಬೇರೆ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಹಾಗಾಗಿ ಇಲ್ಲಿ ಎಷ್ಟೋ ಫೋನುಗಳಲ್ಲಿ ಮೊದಲು ಸಾಯುವುದು ಬ್ಯಾಟರಿ, ಅದನ್ನೇ ಜನ ಫೋನು ಸತ್ತಿತೆಂದು ತಿಳಿಯುತ್ತಾರೆ. "ಚಾರ್ಜ್ ನಿಲ್ತಿಲ್ಲ, ಹೊಸದು ತಗಂಬೇಕು" ಎನ್ನುವವರಲ್ಲಿ ಅನೇಕರಿಗೆ ಬೇಕಿರುವುದು ಹೊಸ ಬ್ಯಾಟರಿ. "ಹ್ಯಾಂಗ್ ಆಗ್ತೈತೆ" ಎನ್ನುವವರಲ್ಲಿ ಅನೇಕರಿಗೆ ಬೇಕಿರುವುದು ವಾಟ್ಸ್‌ಆ್ಯಪ್‌ನಲ್ಲಿ ತುಂಬಿಕೊಂಡ ಶುಭೋದಯದ ಚಿತ್ರಗಳನ್ನು ಅಳಿಸುವ ಒಂದು ಗಂಟೆ. ಅಪ್‌ಡೇಟ್ ನಿಂತ ಫೋನಿನಲ್ಲಿ ಹಣದ ವ್ಯವಹಾರ ಅಪಾಯ ಎಂಬುದು ನಿಜ. ಆದರೆ ಖದೀಮರು ಹೆಚ್ಚಾಗಿ ಬರುವುದು ಆ ಕಿಂಡಿಯಿಂದಲ್ಲ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು ನಾವೇ ಒತ್ತಿ ಒಳಗೆ ಬಿಟ್ಟುಕೊಳ್ಳುತ್ತೇವೆ. ಅದಕ್ಕೆ ಹೊಸ ಫೋನು ಮದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಯಾವಾಗ ಬದಲಿಸಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ. ನರೇಗಾ ಕಾಮಗಾರಿಗಳಲ್ಲಿ ವೈಯಕ್ತಿಕ ಕೆಲಸಗಳನ್ನು ಬಿಟ್ಟು ಉಳಿದೆಡೆ 2023ರ ಜನವರಿ 1ರಿಂದ ದಿನಕ್ಕೆರಡು ಬಾರಿ ಆ್ಯಪ್‌ನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಫೋಟೊ ತೆಗೆಯಬೇಕಾದ್ದು ಕೂಲಿಯವರ ಉಸ್ತುವಾರಿ ನೋಡುವ ಕಾಯಕ ಬಂಧು, ಸ್ವಂತ ಫೋನಿನಲ್ಲಿ. ಬದುವಿನ ಮೇಲೆ ಬಿಸಿಲಿಗೆ ನಿಂತಾಗ ಕಾದ ಫೋನು ತನ್ನ ಪರದೆಯ ಬೆಳಕನ್ನು ತಾನೇ ತಗ್ಗಿಸುತ್ತದೆ, ಏನೂ ಕಾಣುವುದಿಲ್ಲ. ಚಿತ್ರ ಅಪ್‌ಲೋಡ್ ಆಗದಿದ್ದರೆ ಕೂಲಿಯವರ ಆ ದಿನದ ಹಾಜರಿಯೇ ಇಲ್ಲ. ಬೆಳೆ ಸಮೀಕ್ಷೆಗೆ ಹೋಗುವ ಹಳ್ಳಿಯ ಹುಡುಗರ ಕೈಯಲ್ಲಿರುವುದೂ ಸ್ವಂತ ಫೋನೇ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ಮೊದಲ ದಿನಗಳಲ್ಲಿ ಆ್ಯಪ್ ತೆರೆಯದೆ, ಒಟಿಪಿ ಬಾರದೆ ಶಿಕ್ಷಕರು ಪರದಾಡಿದ್ದು ಎಲ್ಲರಿಗೂ ನೆನಪಿದೆ. ಇಲಾಖೆ ಆ್ಯಪ್‌ನ ಹೊಸ ಆವೃತ್ತಿ ಬಿಟ್ಟ ದಿನ ಯಾರದೋ ಫೋನು ಹಳತಾಗುತ್ತದೆ, ಖರ್ಚು ಮಾತ್ರ ಫೋನಿನ ಒಡೆಯರದ್ದು.

ಮನೆಯೊಳಗಿನ ಕ್ರಮವನ್ನೂ ಇದಕ್ಕೆ ಸೇರಿಸಿ ನೋಡಬೇಕು. ಫೋನು ಮನೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹೊಸದು ಕಾಲೇಜಿಗೆ ಹೋಗುವ ಮಗನಿಗೆ, ಅವನು ಬಿಟ್ಟದ್ದು ಅಪ್ಪನಿಗೆ, ಗಾಜು ಸೀಳಿದ್ದು ಅಮ್ಮನಿಗೆ. ಆದರೆ ಸ್ವಸಹಾಯ ಸಂಘದ ಲೆಕ್ಕ, ಗೃಹಲಕ್ಷ್ಮಿಯ ಸಂದೇಶ, ಎಷ್ಟೋ ಕಡೆ ಆ ಹಾಜರಿ ಫೋಟೊ ಕೂಡ ಅಮ್ಮನ ಕೆಲಸವೇ. ದುಡಿಯುವ ಕೈಗೆ ಮನೆಯ ಅತಿ ಹಳೆಯ ಫೋನು, ರೀಲ್ಸ್ ನೋಡುವ ಕೈಗೆ ಅತಿ ಹೊಸದು. ಯಾವ ಫೋನು ಕೊಳ್ಳಬೇಕು ಎಂಬುದಕ್ಕಿಂತ ಮುಂಚೆ ಯಾರಿಗೆ ಕೊಳ್ಳಬೇಕು ಎಂದು ಮನೆಯಲ್ಲಿ ಕೂತು ಮಾತಾಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಇನ್ನು, ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಅಲೆಯುವವರಿಗೆ ಟಾರ್ಚ್ ಇರುವ, ನಾಲ್ಕು ದಿನ ಚಾರ್ಜ್ ನಿಲ್ಲುವ ಕೀಪ್ಯಾಡ್ ಸೆಟ್ಟೇ ಸರಿಯಾದ ಆಯ್ಕೆ. 2022ರ ಮಾರ್ಚಿನಿಂದ ಅಂಥ ಸೆಟ್ಟಿನಲ್ಲೂ ಯುಪಿಐ ಮಾಡಬಹುದು.

ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು ಮೊದಲ ಬಾರಿಗೆ ತಾನಾಗಿ ನೆಲಕ್ಕಿಳಿಸಿ ನೋಡಿದ್ದು ನಮ್ಮ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲೇ. ಆಕಾಶಕ್ಕೆ ಹೋದದ್ದನ್ನು ಮತ್ತೆ ಬಳಸಬೇಕು ಎಂದು ಕೋಟಿಗಟ್ಟಲೆ ಖರ್ಚು ಮಾಡುವ ದೇಶದಲ್ಲಿ, ಜೇಬಿನಲ್ಲಿರುವುದರ ಬ್ಯಾಟರಿ ಬದಲಿಸಬೇಕಾದರೆ ಅಂಟು ಬಿಡಿಸಿ ಬೆನ್ನು ಕೀಳಬೇಕು. ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ ನಿಯಮ ಮಾಡಿದೆ: ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ, ಎಂಟುನೂರು ಬಾರಿ ಚಾರ್ಜ್ ಮಾಡಿದರೂ ಶೇ 80ರಷ್ಟು ಉಳಿಯುವ ಬ್ಯಾಟರಿ. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ಬಂತು, ದುರಸ್ತಿ ಸೂಚ್ಯಂಕದ ಬಗ್ಗೆ ಸಮಿತಿ 2025ರಲ್ಲಿ ವರದಿ ಕೊಟ್ಟಿತು. ಪೆಟ್ಟಿಗೆಯ ಮೇಲೆ ಎಂಆರ್‌ಪಿ ಮತ್ತು ತಯಾರಾದ ತಿಂಗಳು ಮುದ್ರಿಸಲೇಬೇಕು ಎಂಬ ಕಾನೂನು ಹಳೆಯದು. ಅದರ ಪಕ್ಕದಲ್ಲೇ ಅಪ್‌ಡೇಟ್ ಮುಗಿಯುವ ವರ್ಷವನ್ನೂ ಮುದ್ರಿಸಿ ಎನ್ನಲು ದೊಡ್ಡ ಸಮಿತಿಯೇನೂ ಬೇಕಿಲ್ಲ. ಆ್ಯಪ್ ಕಡ್ಡಾಯ ಮಾಡುವ ಇಲಾಖೆ ಅದು ಯಾವ ಆಂಡ್ರಾಯ್ಡ್‌ನಲ್ಲಿ ನಡೆಯುತ್ತದೆಂದು ಆದೇಶದಲ್ಲೇ ಬರೆಯಲಿ, ಫೋನನ್ನೂ ಕೊಡಲಿ. ಕೊಡಲಾಗದಿದ್ದರೆ ಕಾಗದದ ಹಾಜರಿಯನ್ನೂ ಒಪ್ಪಿಕೊಳ್ಳಲಿ.

ಅದು ಆಗುವವರೆಗೆ, ಮುಂದಿನ ಸಲ ಅಂಗಡಿಗೆ ಹೋದಾಗ ನೀವೇ ಮೊದಲು ಕೇಳಿ: ಈ ಮಾಡೆಲ್ ಬಂದದ್ದು ಯಾವಾಗ, ಅಪ್‌ಡೇಟ್ ಎಲ್ಲಿವರೆಗೆ, ಇದರ ಡಿಸ್‌ಪ್ಲೇ ಕಾಂಬೊ ಚಳ್ಳಕೆರೆಯಲ್ಲೇ ಸಿಗುತ್ತದೋ ಬೆಂಗಳೂರಿನಿಂದ ಬರಬೇಕೋ. ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಗೆ ಹೋಗಿ.